ಸರ್ವರ್ ನಮ್ಮ ಮನೆಯಲ್ಲಿದ್ದ ಬೇಸಿಗೆ

ಶರಣು, ಚಿನ್ಮಯಿ,

ಮೊನ್ನೆ ಚಿನ್ಮಯಿ ಹಾಸಿಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಶಾಲೆಯ ಕೆಲಸ ಮಾಡುತ್ತಿದ್ದಳು. ಕೆಳಗೆ ದುಪ್ಪಟಿ ಇದ್ದದ್ದರಿಂದ ಅದಕ್ಕೆ ಗಾಳಿಯಾಡದೆ ಕಾದುಹೋಗಿ, ಒಳಗಿನ ಸಣ್ಣ ಫ್ಯಾನು ಏದುಸಿರು ಬಿಡತೊಡಗಿತು. ನಾನು ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಕಾದ ಧೂಳಿನ ಆ ವಾಸನೆ ಮೂಗಿಗೆ ಬಂದದ್ದೇ ನನ್ನ ಕೈ ನಿಂತಿತು. "ಅದನ್ನ ಎತ್ತಿ ಹಲಗೆ ಮೇಲಿಡಮ್ಮ, ಕೆಳಗಿಂದ ಗಾಳಿ ಹೋಗಬೇಕು ಅದಕ್ಕೆ" ಅಂದೆ. ಶರಣು ನಕ್ಕುಬಿಟ್ಟ. "ಅಜ್ಜಿ ನೋಡೇ, ಕಂಪ್ಯೂಟರ್ ಬರೋರ ಥರ ಹೇಳ್ತಾಳೆ!" ಅಂದ. ನಿಮ್ಮ ಅಮ್ಮ ಅಡುಗೆಮನೆಯಿಂದ ಇಣುಕಿ ನನ್ನ ಮುಖ ನೋಡಿದಳು. ನಾನು ಹೇಳಲಿ ಎಂದು ಕಾದಳೇನೋ. ನಾನು ಹೇಳಲಿಲ್ಲ. ನಾಲ್ಕು ಜನರ ಮುಂದೆ ಬಾಯಿ ತೆರೆಯುವುದು ನನಗೆ ಈ ವಯಸ್ಸಿಗೂ ಆಗುವುದಿಲ್ಲ. ಆ ನಾಲ್ಕು ಜನ ನೀವೇ ಆದರೂ. ಅದಕ್ಕೆ ಬರೆಯುತ್ತಿದ್ದೇನೆ.

ಬರುತ್ತದೆ, ಶರಣು. ಅಜ್ಜಿಗೆ ಕಂಪ್ಯೂಟರ್ ಬರುತ್ತದೆ. ಎಲ್ಲರ ಮನೆಯ ಕಂಪ್ಯೂಟರಲ್ಲ, ಬೇರೆ ಜಾತಿಯದು. ಅದರ ಮುಂದೆ ಕೂತು ಕಳೆದ ಒಂದು ಬೇಸಿಗೆಯ ಮಾತು ಇದು. ಚಿನ್ಮಯಿ, ನೀನು ಹುಟ್ಟಿದ ಬೇಸಿಗೆ.

ನಾನು ಗುಡಿಬಂಡೆ ಕಡೆಯ ಹಳ್ಳಿಯವಳೆಂದು ನಿಮಗೆ ಗೊತ್ತು. ಅಲ್ಲಿನ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದೆ. ಮದುವೆ ಮಾಡಿ ಕೊಟ್ಟದ್ದು ಗಡಿಯಾಚೆಯ ಆಂಧ್ರದ ರಾಯದುರ್ಗಕ್ಕೆ. ನಿಮ್ಮ ತಾತ ಅಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಲಗ್ನಪತ್ರಿಕೆ, ಕರಪತ್ರ, ಬಿಲ್ ಪುಸ್ತಕಗಳನ್ನು ಮಾಡಿಕೊಡುವ ಅಂಗಡಿ ಇಟ್ಟಿದ್ದರು. ಆ ಊರಿನಲ್ಲಿ ತೆಲುಗು ಟೈಪ್ ಮಾಡುವವರು ಬೇಕಾದಷ್ಟು ಜನ ಇದ್ದರು, ಕನ್ನಡದಲ್ಲಿ ತಪ್ಪಿಲ್ಲದೆ ಮಾಡುವವರು ಕಡಿಮೆ. ಮಧ್ಯಾಹ್ನ ಊಟವಾದ ಮೇಲೆ ನಾನು ಅವರ ಪಕ್ಕದಲ್ಲಿ ಕೂತು ಕರಡು ಓದಿ ಹೇಳುತ್ತಿದ್ದೆ. ಹಾಗೆ ಓದುತ್ತ ಓದುತ್ತ ಕೀಲಿಗಳೂ ಕೈಗೆ ಬಂದವು.

ಅವರು ಹೋದ ಮೇಲೆ ಅಂಗಡಿ ಅವರ ತಮ್ಮ ಮಹಾದೇವನ ಕೈಗೆ ಬಂತು. ಅವನು ತೆಲುಗು ಶಾಲೆಯಲ್ಲಿ ಓದಿದವನು. ಕನ್ನಡ ಮಾತಾಡುತ್ತಿದ್ದನೇ ಹೊರತು ಬರೆಯಲು ಕೂತರೆ ಒತ್ತಕ್ಷರಗಳೆಲ್ಲ ಅಡ್ಡಾದಿಡ್ಡಿ. ಟೈಪ್ ಮಾಡುವ ಕೆಲಸ ನನಗೇ ಬಂತು. ಆದರೆ ಗಂಡ ಸತ್ತವಳು ಲಗ್ನಪತ್ರಿಕೆ ಬರೆಯುತ್ತಾಳೆ ಎಂದು ಗೊತ್ತಾದರೆ ಯಾರು ಬಂದಾರು? ಮೊದಲ ಪತ್ರಿಕೆಗೆ ಅರಿಶಿನ ಹಚ್ಚಿ ದೇವರ ಮುಂದಿಡುವ ಜನ. ಅದಕ್ಕೆ ಮಹಾದೇವ ಕೋಣೆಯ ಮಧ್ಯೆ ಒಂದು ಪರದೆ ಹಾಕಿದ. ಈಚೆಗೆ ಅವನು, ಗಿರಾಕಿಗಳು. ಆಚೆಗೆ ಕಂಪ್ಯೂಟರು, ನಾನು. ಗಿರಾಕಿ ಹೇಳಿದ್ದನ್ನು ಅವನು ಬರೆದುಕೊಂಡು ಒಳಗೆ ಚಾಚುತ್ತಿದ್ದ, ನಾನು ಟೈಪ್ ಮಾಡಿದ್ದನ್ನು ಹೊರಗೆ ಚಾಚುತ್ತಿದ್ದೆ. ಕೆಮ್ಮು ಬಂದರೆ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದೆ. ನಿಮ್ಮ ಅಮ್ಮನ ಲಗ್ನಪತ್ರಿಕೆಯನ್ನೂ ಹಾಗೇ ಪರದೆಯ ಹಿಂದೆ ಕೂತು ಮಾಡಿದೆ. ಆಹ್ವಾನಿಸುವವರ ಜಾಗದಲ್ಲಿ ಮಹಾದೇವ ಮತ್ತು ಅವನ ಹೆಂಡತಿಯ ಹೆಸರು ಹಾಕಿದೆ. ವಾಡಿಕೆ ಹಾಗಿತ್ತು, ನಾನು ಕೇಳಲಿಲ್ಲ.

ಶಿವರಾತ್ರಿಯ ಆಚೀಚೆ ಹಳೆಯ ಕಂಪ್ಯೂಟರ್ ಸತ್ತುಹೋಯಿತು. ಮದುವೆಯ ಕಾಲ ಎದುರಿಗಿತ್ತು. ಓಬಳಾಪುರದ ಕಡೆ ಗಣಿಗಳು ನಿಂತು, ಅಲ್ಲಿನ ಆಫೀಸುಗಳವರು ಕುರ್ಚಿ, ಬೀರು, ಫ್ಯಾನು ಎಲ್ಲವನ್ನೂ ಗುಜರಿ ಬೆಲೆಗೆ ಕೊಡುತ್ತಿದ್ದ ದಿನಗಳವು. ಮಹಾದೇವ ಅಲ್ಲಿಂದ ಒಂದು ಕಪ್ಪು ಕಂಪ್ಯೂಟರನ್ನು ಆಟೋದಲ್ಲಿ ಹಾಕಿಕೊಂಡು ಬಂದ. ಇಬ್ಬರು ಹಿಡಿದು ಇಳಿಸಬೇಕಾಯಿತು. ಅದನ್ನು ಕೂಡಿಸಿಕೊಡಲು ಬಳ್ಳಾರಿಯಿಂದ ಖಾದರ್ ಎಂಬ ರಿಪೇರಿಯವನು ಬಂದ. ಮುಚ್ಚಳ ಬಿಚ್ಚಿದರೆ ಒಳಗೆಲ್ಲ ಅದಿರಿನ ಕೆಂಪು ಧೂಳು. ಬ್ರಷ್ಷಿನಲ್ಲಿ ಎಷ್ಟು ಗುಡಿಸಿದರೂ ಪೂರ್ತಿ ಹೋಗಲಿಲ್ಲ. ಗುಂಡಿ ಒತ್ತಿದರೆ ಹಿಟ್ಟಿನ ಗಿರಣಿ ಶುರುವಾದ ಹಾಗೆ ಸದ್ದು. ಒಳಗೆ ಮಲಗಿದ್ದ ನನ್ನ ಅತ್ತೆ, ಅಂದರೆ ನಿಮ್ಮ ಮುತ್ತಜ್ಜಿ, ಎದ್ದು ಬಂದರು.

ಖಾದರ್ ಕಂಪ್ಯೂಟರಿನ ಗಾಜಿನ ಮೇಲೆ ಮೂಡಿದ್ದನ್ನು ಓದಿ ತಲೆ ಕೆರೆದುಕೊಂಡ. "ಮಾದೇವಣ್ಣ, ಇದರಾಗ ಇರೋದು ನಾವು ನೀವು ಬಳಸೋದಲ್ಲ. ಸರ್ವರ್‌ದು ಐತಿ."

"ಸರ್ವರಾ?" ಅಂದರು ಅತ್ತೆ. "ಹೋಟೆಲ್ನಾಗ ಇಡ್ಲಿ ತಂದುಕೊಡ್ತಾನಲ್ಲ, ಅವನೇನೋ?"

"ಅದ ಕೆಲಸ ನೋಡಬೇ ಅಮ್ಮಾ. ಇದೂ ಮಂದಿಗೆ ತಂದುಕೊಡೋದ. ನೂರು ಕಂಪ್ಯೂಟರ್ ಕೇಳಿದ್ರ ನೂರಕ್ಕೂ ಕೊಡ್ತೈತಿ, ಹಗಲೂ ರಾತ್ರಿ. ಒಂದು ತಣ್ಣನ ರೂಮಿನಾಗ ಬಾಗ್ಲ ಹಾಕಿ ಇಟ್ಟಿರ್ತಾರ ಇದನ್ನ. ಇದರ ಮುಂದ ಯಾರೂ ಕುಂದ್ರೋದಿಲ್ಲ."

"ನಾವು ಕುಂದರ್ತೀವಿ ಬಿಡೋ," ಅಂದ ಮಹಾದೇವ.

"ಕುಂದರ್ರಿ, ನಂದೇನು? ಅರ್ಧ ಲೀಟರ್ ಹಾಲಿಗೆ ಲಾರಿ ಹೊಡಕೊಂಡು ಹೋದಂಗ ಆಕೈತಿ, ಅಷ್ಟ."

ಅದನ್ನು ತೆಗೆದು ಮಾಮೂಲಿಯದನ್ನು ಹಾಕು ಎಂದು ಮಹಾದೇವ ಹೇಳಿದ. ಖಾದರ್ ಅರ್ಧ ದಿನ ಹೆಣಗಿದ. ಒಳಗಿನ ಡಿಸ್ಕುಗಳನ್ನು ಆಫೀಸಿನವರು ಏನೋ ಒಂದು ರೀತಿಯಲ್ಲಿ ಜೋಡಿಸಿಬಿಟ್ಟಿದ್ದರಂತೆ. ಮಾಮೂಲಿ ಸಿಸ್ಟಂ ಹಾಕಲು ಹೋದರೆ ಅದಕ್ಕೆ ಡಿಸ್ಕೇ ಕಾಣುತ್ತಿರಲಿಲ್ಲ. ಕೊನೆಗೆ ಇದ್ದದ್ದರ ಮೇಲೆಯೇ ಕನ್ನಡದ ಸಾಫ್ಟ್‌ವೇರ್ ಕೂಡಿಸಿ, ಪ್ರಿಂಟರನ್ನು ಹೇಗೋ ಒಪ್ಪಿಸಿ, ನನ್ನಿಂದಲೇ ಒಂದು ಪಾಸ್‌ವರ್ಡ್ ಒತ್ತಿಸಿ ಹೊರಟುಹೋದ.

ಅದರ ಜೊತೆ ಬಾಳುವುದು ನನಗೆ ಬಿಟ್ಟದ್ದಾಯಿತು. ಬೆಳಿಗ್ಗೆ ಅದು ಸುಮ್ಮನೆ ತೆರೆದುಕೊಳ್ಳುತ್ತಿರಲಿಲ್ಲ. ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಬೇಕು, ಆಮೇಲೆ ಪಾಸ್‌ವರ್ಡ್. ಅದರಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ, ಚಿಹ್ನೆ ಎಲ್ಲವೂ ಇರಬೇಕು. ಕೈಗೆ ರೂಢಿಯಾಗುವಷ್ಟರಲ್ಲಿ "ಇದು ಹಳತಾಯಿತು, ಬೇರೆ ಕೊಡು" ಎನ್ನುತ್ತಿತ್ತು. ಯಾರಾದರೂ ತಪ್ಪು ಪಾಸ್‌ವರ್ಡ್ ಒತ್ತುತ್ತ ಹೋದರೆ ಬಾಗಿಲು ಹಾಕಿಕೊಂಡು ಸುಮ್ಮನಾಗುತ್ತಿತ್ತು. ಹಾಡು ಹಾಕಿದರೆ ಸದ್ದೇ ಬಾರದು. ಹಾಡು ಕೇಳಿಸುವುದು ಸರ್ವರಿನ ಕೆಲಸವಲ್ಲವಂತೆ. ಇಂಟರ್ನೆಟ್ಟಿನಲ್ಲಿ ಏನು ತೆಗೆಯಲು ಹೋದರೂ "ಇದನ್ನು ನಂಬುತ್ತೀಯಾ" ಎಂದು ಕೇಳಿ ಕೇಳಿ ಕೊನೆಗೆ ನಾವೇ ಬೇಡ ಎನ್ನುವಂತೆ ಮಾಡುತ್ತಿತ್ತು. ವೈರಸ್ಸಿಗೆಂದು ಖಾದರ್ ತಂದಿದ್ದ ಸಿ.ಡಿ. "ನಾನು ಇದರೊಳಗೆ ಕೂರುವುದಿಲ್ಲ" ಎಂದು ಹೊರಗೆ ಬಂತು.

ಎಲ್ಲಕ್ಕಿಂತ ವಿಚಿತ್ರವೆಂದರೆ ಬಂದ್ ಮಾಡುವಾಗ ಅದು ಕಾರಣ ಕೇಳುತ್ತಿತ್ತು. ಯಾಕೆ ಬಂದ್ ಮಾಡುತ್ತೀ, ಬರೆ. ಬರೆಯುವ ತನಕ ಒತ್ತುವ ಗುಂಡಿ ಮಂಕಾಗಿಯೇ ಇರುತ್ತಿತ್ತು. ಕರೆಂಟು ಹೋಗಿ ತಾನಾಗಿ ಆರಿದರೂ, ಮತ್ತೆ ಹಚ್ಚಿದಾಗ ಹೋದ ಸಲ ಹೇಳದೆ ಕೇಳದೆ ಯಾಕೆ ನಿಂತಿತು ಎಂದು ನನ್ನನ್ನೇ ಕೇಳುತ್ತಿತ್ತು. ಆ ವರ್ಷ ರಾಯದುರ್ಗದಲ್ಲಿ ಕರೆಂಟು ಹೋಗದ ದಿನವೇ ಇರಲಿಲ್ಲ. "ಕರೆಂಟು ಹೋಯಿತು, ನಾನೇನು ಮಾಡಲಿ" ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡವನ್ನೇ ಬರೆಯುತ್ತಿದ್ದೆ. ಮಹಾದೇವನಿಗೆ ಇದೆಲ್ಲ ಕಂಡರೆ ಮೈಯುರಿ. ಅವನು ಅದರ ಹತ್ತಿರ ಬರುವುದೇ ಅಪರೂಪ. ಆದರೆ ಒಂದು ಮಾತು ಹೇಳಬೇಕು: ತೆರೆದುಕೊಂಡ ಮೇಲೆ ಅದು ಒಂದು ಸಲವೂ ಅಡ್ಡ ಮಲಗಲಿಲ್ಲ. ಎಷ್ಟು ಪತ್ರಿಕೆಗಳನ್ನು ಒಟ್ಟಿಗೆ ಬಿಡಿಸಿಟ್ಟರೂ ಎಲ್ಲವನ್ನೂ ಹೊತ್ತುಕೊಂಡು ನಡೆಯುತ್ತಿತ್ತು.

ಮಾತು ಹರಡಿದ್ದು ಅತ್ತೆಯಿಂದ. ಅವರು ಸಂಜೆ ಕಟ್ಟೆಯ ಮೇಲೆ ಕೂತು, "ನಮ್ಮ ಮನಿಗೆ ಸರ್ವರ್ ಬಂದೈತ್ರಿ, ನೂರು ಮಂದಿಗೆ ಒಂದ ಸಲಕ್ಕ ಕೊಡ್ತೈತಂತ" ಎಂದು ಹೋಗುವವರಿಗೂ ಬರುವವರಿಗೂ ಹೇಳಿದರು. ಆಗ ತಾನೇ ಪಿಂಚಣಿ, ರೇಷನ್ನು, ಹೊಲದ ಕಾಗದ ಎಲ್ಲ ಕಂಪ್ಯೂಟರಿಗೆ ಹೋಗುತ್ತಿದ್ದವು. ಯಾವ ಕಿಟಕಿಯ ಮುಂದೆ ನಿಂತರೂ ಜನರಿಗೆ ಸಿಗುತ್ತಿದ್ದ ಉತ್ತರ ಒಂದೇ: "ಸರ್ವರ್ ಲೇದಮ್ಮಾ, ರೇಪು ರಾ." ಸರ್ವರ್ ಇಲ್ಲ, ನಾಳೆ ಬಾ. ಸರ್ವರ್ ಎಂದರೆ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಅದು ಇಲ್ಲ ಎನ್ನುವುದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ನಮ್ಮ ಗಲ್ಲಿಯ ಕೊನೆಯ ಮನೆಯ ತಿಪ್ಪಮ್ಮ ಬಂದಳು. ಜೀನ್ಸ್ ಪ್ಯಾಂಟುಗಳ ದಾರ ಕತ್ತರಿಸುವ ಕೆಲಸದ ಮುದುಕಿ. ಗಂಡ ಸತ್ತವರ ಪಿಂಚಣಿಗಾಗಿ ಅಲೆಯುತ್ತಿದ್ದಳು.

"ಮಾದೇವಪ್ಪಾ, ಸರ್ವರ್ ಎಲ್ಲೈತೋ? ತೋರ್ಸು."

"ಅಜ್ಜೀ, ಅದು ಬ್ಯಾರೆ. ನಿನ್ನ ಪಿಂಚಣಿ ಸರ್ವರ್ ಅಲ್ಲ ಅದು," ಅಂದ ಮಹಾದೇವ.

"ಬ್ಯಾರೆ ಹೆಂಗಾಕೈತಿ? ಅಲ್ಲಿ ಹೋದ್ರ ಸರ್ವರ್ ಇಲ್ಲ ಅಂತಾರ. ನಿಮ್ಮವ್ವ ಇಲ್ಲೈತಿ ಅಂತಾಳ. ಅಲ್ಲಿಲ್ಲದ್ದು ಇಲ್ಲೈತಿ ಅಂದ್ರ, ಅಲ್ಲಿಂದ ಇಲ್ಲಿಗೆ ಬಂದೈತಿ ಅಂತ ಅಲ್ಲೇನು? ನನಗೇನು ಅಷ್ಟೂ ತಿಳಿಯಂಗಿಲ್ಲೇನು?"

ಎಂದವಳೇ ಆಕೆ ಪರದೆ ಸರಿಸಿಬಿಟ್ಟಳು. ನಾನು ಬೆಚ್ಚಿ ಗೋಡೆಗೆ ಒತ್ತಿಕೊಂಡೆ. ಆಕೆ ಕಂಪ್ಯೂಟರನ್ನು ನೋಡಲಿಲ್ಲ. ನನ್ನ ಹಣೆ ನೋಡಿದಳು, ಕೈ ನೋಡಿದಳು.

"ಎವ್ವಾ, ನೀನೂ ನಮ್ಮ ಪೈಕೀನ ಏನ? ಹಂಗಾದ್ರ ನೀನರ ಕೇಳು ತಾಯಿ ಅದನ್ನ, ನಮಗ ಯಾವಾಗ ಕೊಡ್ತೈತಿ ಅಂತ."

ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಆಕೆಯ ಹೆಸರು, ಗಂಡನ ಹೆಸರು ಕೇಳಿ ಒಂದು ಅರ್ಜಿ ಟೈಪ್ ಮಾಡಿ ಕೊಟ್ಟೆ. ಅದನ್ನು ಕಿಟಕಿಯಲ್ಲಿ ಕೊಡು ಎಂದೆ. ಆಕೆ ಅದನ್ನೇ ಪಿಂಚಣಿ ಎಂದುಕೊಂಡು ಕಣ್ಣಿಗೆ ಒತ್ತಿಕೊಂಡು ಹೋದಳು. ಅಲ್ಲಿಂದ ಶುರುವಾಯಿತು. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಕಟ್ಟೆಯ ಮೇಲೆ ಜನ. ಹೆಚ್ಚಿನವರು ನಮ್ಮ ಪೈಕಿಯವರೇ. "ಸರ್ವರ್ ಅಕ್ಕ" ಎಂದು ನನಗೊಂದು ಹೆಸರೂ ಬಂತು. ಮಹಾದೇವ ಮೊದಲು ರೇಗಿದ, ಆಮೇಲೆ "ಇರ್ಲಿ ಬಿಡ್ರಿ ಅತ್ತಿಗಿ, ಮಂದಿ ಸೇರಿದ್ರ ಅಂಗಡಿಗೆ ಚಂದ" ಅಂದ. ಊಟಕ್ಕೆ ಏಳಲು ಕೂಡ ನನಗೆ ಸಂಕೋಚ. ಎದ್ದರೆ ಎಲ್ಲರೂ ಏಳುತ್ತಿದ್ದರು, ಸರ್ವರ್ ಹೋಗುತ್ತಿದೆಯೇನೋ ಎಂಬಂತೆ.

ಯುಗಾದಿ ಆದ ಮೇಲೆ ಒಬ್ಬ ಗಿರಾಕಿ, ಮಗಳ ಮದುವೆಯ ಪತ್ರಿಕೆ ಮಾಡಲು ಕೊಟ್ಟಿದ್ದವನು, ಆ ಜನರ ಮಧ್ಯೆ ಬಂದು ನಿಂತ. ಪರದೆ ಅರ್ಧ ಸರಿದಿತ್ತು. ನನ್ನನ್ನೂ, ನನ್ನ ಮುಂದೆ ಬಿಡಿಸಿದ್ದ ಅವನ ಮಗಳ ಹೆಸರನ್ನೂ ಒಟ್ಟಿಗೆ ನೋಡಿದ.

"ಮಾದೇವಾ, ಇಂಥಾ ಕೈಲೆ ಬರಸ್ತೀಯೇನೋ ನನ್ನ ಮಗಳ ಪತ್ರಿಕಿ?"

ಅವನು ಮೆತ್ತಗೇ ಹೇಳಿದ. ಬೈದಿದ್ದರೆ ಚೆನ್ನಾಗಿತ್ತು. ಮಹಾದೇವ ಕೈ ಮುಗಿದು ಏನೇನೋ ಸಮಾಧಾನ ಹೇಳಿ, ಪತ್ರಿಕೆಯನ್ನು ಬೇರೆಯವರಿಂದ ಮಾಡಿಸುತ್ತೇನೆಂದು ಒಪ್ಪಿಸಿದ. ಅವತ್ತೇ ಕಂಪ್ಯೂಟರನ್ನು ಒಳಗಿನ ಉಗ್ರಾಣಕ್ಕೆ ಸಾಗಿಸಿದ. ಹೊಸ ಕೋಣೆಯಲ್ಲಿ ಮೊದಲು ಮಾಡಿದ್ದು ಅದೇ ಪತ್ರಿಕೆಯನ್ನು, ಇದೇ ಕೈಯಿಂದ.

ಆ ಉಗ್ರಾಣ ನಿಮಗೆ ನೆನಪಿರಲಾರದು. ಕಿಟಕಿಯಿಲ್ಲ. ಮೂಲೆಯಲ್ಲಿ ಕಡಲೆಕಾಯಿ ಮೂಟೆಗಳು, ಮೇಲೆ ಒಂದು ಹೆಂಚಿನಷ್ಟು ಬೆಳಕಿಂಡಿ. ಆ ಮನೆಯ ಬಾಣಂತಿಯರನ್ನೆಲ್ಲ ಮಲಗಿಸುತ್ತಿದ್ದ ಕೋಣೆ ಅದು. ನಿಮ್ಮ ಅಮ್ಮನನ್ನು ಹೆತ್ತಾಗ ನಾನು ಮಲಗಿದ್ದೂ ಅಲ್ಲೇ. ಗಿರಾಕಿಗಳಿಗೆ ಫ್ಯಾನಿನ ಸದ್ದು ಕೇಳಬಾರದು, ನಾನು ಕಾಣಬಾರದು ಎಂದು ಬಾಗಿಲು ಎಳೆದುಕೊಳ್ಳುತ್ತಿದ್ದರು. ಖಾದರ್ ಹೇಳಿದ್ದಂತೆಯೇ ಸರ್ವರ್ ಬಾಗಿಲು ಹಾಕಿದ ಕೋಣೆ ಸೇರಿತು. ತಣ್ಣಗಿರಲಿಲ್ಲ, ಅಷ್ಟೇ. ಹೊರಗೆ ಬೆಟ್ಟದ ಕಲ್ಲು ಕಾದು ಊರೆಲ್ಲ ಉರಿಯುತ್ತಿತ್ತು, ಒಳಗೆ ಇದು ಬಿಸಿಯುಸಿರು ಬಿಡುತ್ತಿತ್ತು. ಅದಿರಿನ ಧೂಳು ಕಾದರೆ ತುಕ್ಕಿನಂತೆ, ರಕ್ತದಂತೆ ಒಂದು ವಾಸನೆ. ಮುಖ ಒರೆಸಿಕೊಂಡರೆ ಸೆರಗು ಕೆಂಪಗಾಗುತ್ತಿತ್ತು. ಪಿಂಚಣಿಯವರ ಅರ್ಜಿಗಳು, ಮದುವೆಯವರ ಪತ್ರಿಕೆಗಳು ಎಲ್ಲವೂ ಬಾಗಿಲ ಸಂದಿನಿಂದ ಒಳಗೆ ಬರುತ್ತಿದ್ದವು, ಸಂದಿನಿಂದಲೇ ಹೊರಗೆ ಹೋಗುತ್ತಿದ್ದವು. ನೂರು ಮಂದಿಗೆ ಒಟ್ಟಿಗೆ ಕೊಡುವುದೆಂದರೆ ಏನೆಂದು ಆಗ ತಿಳಿಯಿತು.

ಮಡಕಶಿರಾದ ಗಂಡನ ಮನೆಯಲ್ಲಿ ನಿಮ್ಮ ಅಮ್ಮನಿಗೆ ದಿನ ತುಂಬುತ್ತಿತ್ತು. ಚೊಚ್ಚಲು ಹೆರಿಗೆ ತವರಿನಲ್ಲಿ ಆಗಬೇಕು. ಕರೆದುಕೊಂಡು ಬರೋಣವೆಂದರೆ ಬಾಣಂತಿಯ ಕೋಣೆಯಲ್ಲಿ ಸರ್ವರ್ ಕೂತಿತ್ತು. ಅದನ್ನು ಎಲ್ಲಿಗೆ ಸಾಗಿಸುವುದು ಎಂದು ಮನೆಯಲ್ಲಿ ಮಾತಾಗುತ್ತಿರುವಾಗಲೇ, ಅವಳಿಗೆ ರಕ್ತದೊತ್ತಡ ಹೆಚ್ಚಾಗಿದೆ, ಬಸ್ಸಿನಲ್ಲಿ ಅಷ್ಟು ದೂರ ಕಳಿಸಬೇಡಿ ಎಂದು ಡಾಕ್ಟರು ಹೇಳಿದರಂತೆ. ಅಲ್ಲಿಗೆ ನಾನೇ ಹೋಗಬೇಕು ಎಂದಾಯಿತು. ಮಹಾದೇವನಿಗೆ ಹೇಳಿದೆ. ಹೇಳಿದೆ ಎಂದರೆ, ಊಟಕ್ಕೆ ಬಡಿಸುವಾಗ ನೆಲ ನೋಡುತ್ತ ಅರ್ಧ ಹೇಳಿದೆ.

"ಈ ಸೀಜನ್ ಒಂದು ಮುಗೀಲಿ ಅತ್ತಿಗಿ," ಅಂದ. "ನೀವು ಹೋದ್ರ ಅದನ್ನ ತೆಗೆಯೋರು ಯಾರು? ಮೊನ್ನೆ ನಾನು ಒತ್ತಿದ್ದಕ್ಕ ದಿನಾ ಎಲ್ಲ ಬಾಗ್ಲ ಹಾಕ್ಕೊಂಡು ಕುಂತಿತ್ತು. ಪಾಸ್‌ವರ್ಡ್ ಹೇಳಿ ಹೋದ್ರೂ ಕನ್ನಡ ಬರಿಯೋರು ಯಾರು? ಮಂದಿ ಲಗ್ನ ಅದಾವು ಅತ್ತಿಗಿ, ನಿಲ್ಲಿಸಾಕ ಆಗಂಗಿಲ್ಲ."

ಅವನು ಕೆಟ್ಟವನಲ್ಲ. ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಅದೇ ನನ್ನನ್ನು ಕಟ್ಟಿಹಾಕಿದ್ದು. ಬೈದಿದ್ದರೆ, ಬೇಡವೆಂದಿದ್ದರೆ ಅತ್ತಾದರೂ ಹೊರಡುತ್ತಿದ್ದೆನೇನೋ. ನೀವಿಲ್ಲದಿದ್ದರೆ ನಡೆಯುವುದಿಲ್ಲ ಎಂದು ಮರ್ಯಾದೆಯಿಂದ ಹೇಳಿದವನಿಗೆ ಏನು ಹೇಳುವುದು? ಅತ್ತೆ ಊಟದ ತಟ್ಟೆಯಿಂದ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದರು. ನಾನು ಇನ್ನೊಂದು ರೊಟ್ಟಿ ಹಾಕಿ ಒಳಗೆ ಹೋದೆ.

ನಿಮ್ಮ ಅಮ್ಮ ಫೋನು ಮಾಡಿದಳು. ಮಹಾದೇವನ ಹೆಂಡತಿ ಫೋನನ್ನು ಬಾಗಿಲ ಸಂದಿನಿಂದ ಕೊಟ್ಟಳು. ಫ್ಯಾನಿನ ಸದ್ದಿನಲ್ಲಿ ಅವಳ ಮಾತು ಅರ್ಧ ಕೇಳುತ್ತಿತ್ತು.

"ಅಮ್ಮಾ, ಬತ್ತೀಯೋ ಇಲ್ವೋ? ಬರಲ್ಲ ಅಂದ್ರೆ ಬರಲ್ಲ ಅಂತ ಹೇಳಿಬಿಡು. ದಾರಿ ನೋಡೋದನ್ನಾದ್ರೂ ಬಿಡ್ತೀನಿ."

"ಬತ್ತೀನಿ ಕಣಮ್ಮ," ಅಂದೆ.

"ಯಾವಾಗ?"

ನಾನು ಬಾಗಿಲ ಕಡೆ ನೋಡಿದೆ. ಅವಳು ಫೋನು ಇಟ್ಟುಬಿಟ್ಟಳು. ಆಮೇಲೆ ಕೆಲವು ದಿನ ಫೋನು ಬರಲಿಲ್ಲ. ಆ ದಿನಗಳಲ್ಲಿ ಟೈಪ್ ಮಾಡಿದ ಪತ್ರಿಕೆಗಳಲ್ಲಿ ಒಂದಾದರೂ ನನಗೆ ನೆನಪಿಲ್ಲ. ಬಾಗಿಲು ನೆನಪಿದೆ. ಅದರ ಒಳಮೈಯಲ್ಲಿ ಹಳೆಯ ಬಾಣಂತಿಯರು ಯಾರೋ ಎಣ್ಣೆ ಕೈ ಒರೆಸಿದ ಕಲೆಗಳಿದ್ದವು.

ಮಹಾದೇವ ಕಾರ್ಡು ತರಲು ಬಳ್ಳಾರಿಗೆ ಹೋಗಿದ್ದ ಒಂದು ಬೆಳಿಗ್ಗೆ ನಿಮ್ಮ ಅಪ್ಪನ ಫೋನು ಬಂತು. "ಅತ್ತೆ, ಆಸ್ಪತ್ರೆಗೆ ಸೇರಿಸಿದ್ದೀವಿ. ನಿಮ್ಮನ್ನ ಕೇಳ್ತಾ ಅವಳೆ," ಅಂದರು.

ಮುಂದಿನ ಕೋಣೆಯಲ್ಲಿ ಜನ ತುಂಬಿದ್ದರು. ಪಿಂಚಣಿಯವರು, ಹೊಲದ ಕಾಗದದವರು, ಪತ್ರಿಕೆ ಒಯ್ಯಲು ಬಂದ, ಹಿಂದೆ ಇಂಥಾ ಕೈ ಎಂದಿದ್ದ ಆ ಗಿರಾಕಿ. ನಾನು ಬಿಡಿಸಿದ್ದನ್ನೆಲ್ಲ ಉಳಿಸಿ ಬಂದ್ ಮಾಡುವ ಗುಂಡಿ ಒತ್ತಿದೆ. ಅದು ಎಂದಿನಂತೆ ಯಾಕೆ ಎಂದು ಕೇಳಿತು. ಮಗಳ ಹೆರಿಗೆ ಎಂದು ಬರೆದೆ. ಮಂಕಾಗಿದ್ದ ಗುಂಡಿಗೆ ಬೆಳಕು ಬಂತು. ಅಷ್ಟು ದಿನ ಆ ಮನೆಯಲ್ಲಿ ಆ ಕಾರಣವನ್ನು ಎದುರು ಮಾತಿಲ್ಲದೆ ಒಪ್ಪಿದ್ದು ಅದೊಂದೇ. ಫ್ಯಾನು ನಿಂತಿತು. ಇಡೀ ಮನೆ ಎಷ್ಟು ಸದ್ದಡಗಿತೆಂದರೆ, ಗಲ್ಲಿಯ ಹೊಲಿಗೆ ಮಿಷನ್ನುಗಳು ಕೂಡ ಒಳಗೆ ಕೇಳಿಸಿದವು.

ಎರಡು ಸೀರೆ ಚೀಲಕ್ಕೆ ತುಂಬಿ ಬಾಗಿಲು ತೆಗೆದು ಹೊರಗೆ ಬಂದೆ. ಎಲ್ಲರೂ ನನ್ನ ಕಡೆ ತಿರುಗಿದರು. ಮಗಳಿಗೆ ಹೀಗಾಗಿದೆ, ದಾರಿ ಬಿಡಿ ಎನ್ನಬೇಕು. ಹೇಳಿದರೆ ಯಾರಾದರೂ "ನಂದೊಂದು ಮುಗಿಸಿಕೊಟ್ಟು ಹೋಗವ್ವಾ" ಎನ್ನುತ್ತಾರೆ, ನಾನು ಕೂತುಬಿಡುತ್ತೇನೆ ಎಂದು ನನಗೆ ಗೊತ್ತಿತ್ತು. ಅಷ್ಟರಲ್ಲಿ ಬಾಯಿಗೆ ಬಂದದ್ದು ಬೇರೆಯೇ ಮಾತು.

"ಸರ್ವರ್ ಇಲ್ಲ. ನಾಳೆ ಬರ್ರಿ."

ಒಬ್ಬರೂ ಯಾಕೆ ಎನ್ನಲಿಲ್ಲ. ಒಬ್ಬರೂ ಯಾವಾಗ ಬರುತ್ತದೆ ಎನ್ನಲಿಲ್ಲ. ಎಲ್ಲರೂ ಎದ್ದರು, ಸೀರೆಯ ಧೂಳು ಕೊಡವಿದರು, ಕೊಡೆ, ಕೈಚೀಲ ಎತ್ತಿಕೊಂಡು ಕಟ್ಟೆ ಇಳಿದರು. ಆ ಗಿರಾಕಿಯೂ ಟವೆಲ್ ಹೆಗಲಿಗೆ ಹಾಕಿಕೊಂಡು, "ಸರ್ವರ್ ಇಲ್ಲ ಅಂದ್ರ ಯಾರೇನು ಮಾಡಾಕಾಕೈತಿ" ಎನ್ನುತ್ತ ಹೊರಟ. ಕಣ್ಣೆದುರಿಗೇ ಕೋಣೆ ಖಾಲಿಯಾಯಿತು. ನನಗೆ ಆ ಮಾತಿನ ಬಲ ನೋಡಿ ಹೆದರಿಕೆಯಾಯಿತು. ತಿಪ್ಪಮ್ಮ ಒಬ್ಬಳು ನಿಂತು ನನ್ನ ಚೀಲ ನೋಡಿದಳು.

"ಹಡೀತಾಳೇನು ಮಗಳು?"

ತಲೆಯಾಡಿಸಿದೆ.

"ಮತ್ತ ನಿಂತೀಯಲ್ಲ?" ಎಂದು ಗದರಿ ಅವಳೂ ಹೋದಳು.

ತಿರುಗಿದರೆ ನಡುಮನೆಯ ಹೊಸ್ತಿಲಲ್ಲಿ ಅತ್ತೆ. ಮಗ ಬಂದರೆ ಏನು ಹೇಳಲಿ ಎಂದು ಕೇಳುತ್ತಾರೆಂದುಕೊಂಡೆ. ಅವರು ಒಳಗೆ ಹೋಗಿ ಬಟ್ಟೆಯಲ್ಲಿ ಕಟ್ಟಿದ ಗಂಟೊಂದನ್ನು ತಂದು ನನ್ನ ಚೀಲಕ್ಕೆ ತುರುಕಿದರು. ಒಣಶುಂಠಿ, ಮೆಣಸು, ಓಂಕಾಳಿನ ಘಾಟು ಬಡಿಯಿತು. ಬಾಣಂತಿಗೆ ಕೊಡುವ ಖಾರ, ಹುರಿದು ಕುಟ್ಟಿ ಸಿದ್ಧ ಮಾಡಿಟ್ಟದ್ದು.

"ಯಾವಾಗ ಕುಟ್ಟಿದ್ರಿ ಅತ್ತೀ?"

"ನೀ ಯಾವಾಗ ಬಾಯಿ ತೆಗೀತಿ ಅಂತ ನೋಡ್ಕೋತ ಕುಂತಿದ್ದೆ. ಇಷ್ಟು ದಿನ ಬೇಕೇನು ಒಂದು ಮಾತಿಗೆ? ಹೋಗು, ಬಸ್ ತಪ್ಪತೈತಿ."

ನೀವೇ ಒಂದು ಮಾತು ಮಗನಿಗೆ ಹೇಳಬಹುದಿತ್ತಲ್ಲ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ. ಅವರೂ ಆ ಮನೆಗೆ ಬೇರೆ ಊರಿಂದ ಸೊಸೆಯಾಗಿ ಬಂದವರೇ.

ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿದೆ. ಮದುವೆಯ ಕಾಲ, ಬಸ್ಸಿನ ತುಂಬ ಜರಿಸೀರೆ, ಮಲ್ಲಿಗೆ. ಬಿಸಿಗಾಳಿಗೆ ಎಲ್ಲರೂ ಕಿಟಕಿಯ ಗಾಜು ಎಳೆದುಕೊಂಡಿದ್ದರು. ನಾನು ನನ್ನ ಕಿಟಕಿಯನ್ನು ಪೂರ್ತಿ ತೆಗೆದು ಕೂತೆ. ಪಕ್ಕದವಳು "ಮೂಸೇಯಮ್ಮಾ, ದುಮ್ಮು ವಸ್ತೋಂದಿ" ಎಂದು ಗೊಣಗಿದಳು, ಧೂಳು ಬರುತ್ತದೆ ಮುಚ್ಚು ಎಂದು. ಕೇಳಿಸದಂತೆ ಮುಖ ಹೊರಗಿಟ್ಟೆ. ಹುಣಸೆಮರಗಳು, ಕಡಲೆಕಾಯಿ ಕಿತ್ತು ಬಿಟ್ಟ ಬರಿ ಹೊಲಗಳು, ಆಮೇಲೆ ನಮ್ಮ ಕಡೆಯ ಬಂಡೆಗಳು, ಹಿಪ್ಪುನೇರಳೆಯ ಹಸಿರು. ಎಲ್ಲದಕ್ಕೂ ನಾನು ತಡವಾಗಿ ಬರುತ್ತಿದ್ದೇನೆ ಎಂದೇ ಅನ್ನಿಸುತ್ತಿತ್ತು.

ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಮ್ಮ ಅಪ್ಪನ ಕಡೆಯವರೆಲ್ಲ ಇದ್ದರು. ನನ್ನನ್ನು ಕಂಡು ಬೀಗಿತಿ ಬಂದು ಕೈ ಹಿಡಿದರು, ಆದರೆ ಹೆರಿಗೆ ಕೋಣೆಯ ಬಾಗಿಲಿನಿಂದ ಸ್ವಲ್ಪ ಈಚೆಗೇ ಕೂರಿಸಿದರು. ಅವರ ತಪ್ಪಲ್ಲ, ಹುಟ್ಟಿದ ಕೂಸಿನ ಮೇಲೆ ಮೊದಲ ಕಣ್ಣು ಯಾರದು ಬೀಳಬೇಕು, ಯಾರದು ಬೀಳಬಾರದು ಎನ್ನುವುದು ನನಗೂ ಗೊತ್ತಿದ್ದ ಲೆಕ್ಕವೇ. ನಾನು ಹೋಗಿ ಕಂಬದ ಹಿಂದೆ ಕೂತೆ. ಕೂತ ಮೇಲೆ ಗೊತ್ತಾಯಿತು, ಇಲ್ಲಿ ಯಾರೂ ಪರದೆ ಹಾಕಿಲ್ಲ, ಜಾಗ ಹುಡುಕಿ ಮರೆಗೆ ಹೋದದ್ದು ನಾನೇ.

ಸಂಜೆಯ ಹೊತ್ತಿಗೆ ಬಾಗಿಲು ತೆರೆಯಿತು. ನರ್ಸಮ್ಮ ಬಿಳಿ ಬಟ್ಟೆಯ ಗಂಟು ಹಿಡಿದು ನಿಂತು, "ತಾಯಿ ಕಡೆಯೋರು ಯಾರ್ ಬಂದಿದೀರಮ್ಮ?" ಅಂದಳು. ಬೀಗಿತಿ ಮುಂದೆ ಹೆಜ್ಜೆ ಇಟ್ಟಿದ್ದರು.

"ನಾನು," ಅಂದೆ.

ಎಷ್ಟು ಜೋರಾಗಿ ಅಂದೆನೆಂದರೆ ಮೊಗಸಾಲೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನರ್ಸಮ್ಮ ನನ್ನ ಹಣೆ ನೋಡಲಿಲ್ಲ. ಅವಳಿಗೆ ಇನ್ನೂ ಕೆಲಸವಿತ್ತು. "ತಲೆ ಕೆಳಗೆ ಕೈ ಕೊಡಿ" ಎಂದು ಚಿನ್ಮಯಿ, ನಿನ್ನನ್ನು ನನ್ನ ಕೈಗೆ ಹಾಕಿ ಹೋದಳು. ನೀನು ಕಣ್ಣು ಮುಚ್ಚಿಕೊಂಡು ಬಾಯಿ ಮಾತ್ರ ಇಷ್ಟಗಲ ತೆರೆದು ಅಳುತ್ತಿದ್ದೆ. ಒಳಗಿಂದ ನಿಮ್ಮ ಅಮ್ಮನ ದನಿ ಕೇಳಿತು: "ಬಂದ್ಯಾ ಅಮ್ಮಾ?" ಅವಳು ಕೇಳಿದ್ದು ಅಷ್ಟೇ.

ಮಹಾದೇವ ಬಳ್ಳಾರಿಯಿಂದ ಬಂದು ತುಂಬ ಕೂಗಾಡಿದನಂತೆ. ಅತ್ತೆ ಅವನಿಗೆ ಉತ್ತರ ಕೊಡದೆ ದಿನವೂ ಕಟ್ಟೆಯ ಮೇಲೆ ಕೂತು ಬಂದವರನ್ನೆಲ್ಲ ವಾಪಸ್ ಕಳಿಸುತ್ತಿದ್ದರಂತೆ. ಇದನ್ನು ಮಹಾದೇವನ ಹೆಂಡತಿ ಫೋನಿನಲ್ಲಿ ನಗುತ್ತ ಹೇಳಿದಳು. "ಸರ್ವರ್ ಇಲ್ರೀ, ಮಡಕಶಿರಾಕ ಹೋಗ್ಯಾಳ" ಎನ್ನುತ್ತಿದ್ದರಂತೆ. ಹೋಗೈತಿ ಅಲ್ಲ, ಹೋಗ್ಯಾಳ. ಯಾವಾಗ ಬರ್ತಾಳ್ರಿ ಎಂದು ಯಾರೋ ಕೇಳಿದ್ದಕ್ಕೆ, "ಅಕೀನ್ನ ಕೇಳ್ರಿ, ಅಕಿಗೂ ಬಾಯಿ ಐತಿ" ಅಂದರಂತೆ.

ನಾನು ಅಲ್ಲಿಂದ ಬಿಡಿಸಿಕೊಂಡು ಬಂದುಬಿಟ್ಟೆ ಎಂದು ನಿಮಗೆ ಹೇಳಲಾರೆ. ಬಾಣಂತನ ಮುಗಿಸಿ ನಾನು ತಿರುಗಿ ರಾಯದುರ್ಗಕ್ಕೆ ಹೋದೆ. ಎಲ್ಲಿಗೆ ಹೋಗುತ್ತಿದ್ದೆ? ಬೇರೆ ಮನೆ ಯಾವುದಿತ್ತು? ಅದೇ ಉಗ್ರಾಣ, ಅದೇ ಕೆಂಪು ಧೂಳು. ಸರ್ವರ್ ನನಗಾಗಿಯೇ ಕಾದಿತ್ತು. ಬೇಸಿಗೆಗಳು ಒಂದರ ಹಿಂದೆ ಒಂದು ಹೋದವು, ಅತ್ತೆ ತೀರಿಕೊಳ್ಳುವವರೆಗೆ, ನಿಮ್ಮ ಅಮ್ಮ ಬಂದು ನನ್ನನ್ನು ಇಲ್ಲಿಗೆ ಕರೆತರುವವರೆಗೆ. ತಿರುಗಿ ಹೋದ ಮೊದಲ ದಿನ ಮಹಾದೇವ ಎಂದಿನಂತೆ ಬಾಗಿಲು ಎಳೆಯಲು ಬಂದಾಗ, "ತೆಗೆದಿರಲಿ" ಎಂದದ್ದು ಮಾತ್ರ ಹೊಸದು. "ಮಂದಿ ನೋಡ್ತಾರ ಅತ್ತಿಗಿ" ಅಂದ. "ನೋಡಲಿ" ಅಂದೆ. ಕೆಲವು ಗಿರಾಕಿಗಳು ಬಿಟ್ಟುಹೋದರು, ಕೆಲವರು ಉಳಿದರು. ತೆರೆದ ಬಾಗಿಲಿನಿಂದ ನಡುಮನೆಯ ಒಂದು ಕಂಬ, ಅದರಾಚೆ ಬೀದಿಯ ಒಂದು ಚೂರು ಕಾಣುತ್ತಿತ್ತು. ಅಷ್ಟರಲ್ಲೇ ವರ್ಷಗಳು ಕಳೆದವು.

ಈ ಹಾಳೆಗಳನ್ನು ಕೈಯಿಂದಲೇ ಬರೆದಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ನಗಬೇಡಿ. ಕೀಲಿಗಳಲ್ಲಿ ಒತ್ತಿದ್ದೆಲ್ಲ ಬೇರೆಯವರ ಮನೆಯ ಮಾತಾಗಿತ್ತು. ಚಿನ್ಮಯಿ, ಇದನ್ನು ನಿನ್ನ ಲ್ಯಾಪ್‌ಟಾಪಿಗೆ ಏರಿಸಬೇಕೆಂದರೆ ಏರಿಸು, ಆದರೆ ಹಾಳೆಗಳನ್ನು ಕಳೆಯಬೇಡ. ಶರಣು, ನೀನು ಒಪ್ಪವಾಗಿ ಮಡಿಸಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕು, ಮಳೆಗಾಲದಲ್ಲಿ ಗೆದ್ದಲು ನೋಡುತ್ತಿರು. ಬೀರುವಿನ ಒಳಖಾನೆಯಲ್ಲಿಟ್ಟು ಬೀಗ ಮಾತ್ರ ಹಾಕಬೇಡಿ. ಅಡುಗೆಮನೆಯ ಗೋಡೆಗೂಡಿನಲ್ಲಿ, ಜೀರಿಗೆ ಡಬ್ಬಿಯ ಪಕ್ಕದಲ್ಲಿ ಇಡಿ. ಒಗ್ಗರಣೆಗೆಂದು ಕೈ ಹಾಕಿದವರ ಬೆರಳಿಗೆ ಸಿಗುತ್ತಿರಲಿ.